ಬೆಳಕಿಗೆ ಹಿಡಿದ ಲೋಟ

ಪಂಪ್‌ಸೆಟ್ ಮಾರುವ ಸೇಲ್ಸ್‌ಮನ್ ಒಬ್ಬರ ಜೊತೆ ಮೆಕ್ಯಾನಿಕ್ ಆಗಿ ನಾನು ಮೂರು ವರ್ಷ ಆಳಂದ, ಅಫಜಲಪುರ, ಜೇವರ್ಗಿ ಸುತ್ತಿದೆ. ಲಾಡ್ಜಿನ ಚಾದರಕ್ಕೆ ಮೂಗು ಹಚ್ಚಿ ನೋಡದೆ ಅವರು ಮಲಗಿದವರಲ್ಲ. ಖಾನಾವಳಿಯಲ್ಲಿ ಲೋಟವನ್ನು ಬೆಳಕಿಗೆ ಹಿಡಿದು ತಿರುಗಿಸಿ, ಒಂದು ಕಲೆ ಕಂಡರೂ ವಾಪಸು ಕಳಿಸುತ್ತಿದ್ದರು.

"ನಾ ಗಿರಾಕಿ ಅದೇನಿ, ಬೀಗ ಅಲ್ಲ. ಕೊಟ್ಟದ್ದು ಉಂಡು ಸುಮ್ನ ಹೋಗಾಂವಲ್ಲ" ಎಂದು ರೇಗುತ್ತಿದ್ದರು. ಮಂದಿಯೆಲ್ಲ ತಿರುಗಿ ನೋಡುವಾಗ ನನಗೆ ನಾಚಿಕೆಯಾಗುತ್ತಿತ್ತು. ಇಷ್ಟು ಸಣ್ಣದಕ್ಕೆ ಇಷ್ಟೊಂದು ಸಿಟ್ಟೇಕೆ?

ಒಂದು ಮಧ್ಯಾಹ್ನ ಭೀಮಾ ದಂಡೆಯ ಹಳ್ಳಿಯೊಂದರಲ್ಲಿ ಪಂಪು ಕೂಡಿಸಿ ಚಹಾದಂಗಡಿಗೆ ಹೋದೆವು. ಅಂಗಡಿಯವನು ನನಗೆ ಗುರುತಿನವನೇ, ನಾನು ಯಾವ ಮಂದಿಯೆಂದು ಅವನಿಗೆ ಗೊತ್ತಿತ್ತು. ಅವರತ್ತ ತಿರುಗಿ, "ಸಾಹೇಬ್ರು ಯಾವ ಮಂದಿರಿ?" ಎಂದ.

ಅವರು ತಮ್ಮ ಜಾತಿಯನ್ನು ಜೋರಾಗಿಯೇ ಹೇಳಿದರು. "ಚಾ ಕೇಳೇನಿ, ಬೀಗತನ ಅಲ್ಲ" ಎಂದೂ ಸೇರಿಸಿದರು.

ನನಗೆ ಗಾಜಿನ ಲೋಟದಲ್ಲಿ ಚಹಾ ಬಂತು. ಅವರಿಗೆ ಕಾಗದದ ಕಪ್ಪಿನಲ್ಲಿ.

"ನನಗೂ ಲೋಟದಾಗ ಕೊಡ್ರಿ."

"ತೊಳದ ಲೋಟ ಇಲ್ರಿ" ಎಂದ ಅಂಗಡಿಯವನು. ಅವನ ಬೆನ್ನ ಹಿಂದೆಯೇ ತೊಳೆದ ಲೋಟಗಳನ್ನು ಸಾಲಾಗಿ ಬೋರಲು ಹಾಕಿತ್ತು.

"ಅವು ಏನ್ರಿ ಮತ್ತ?"

ಅಂಗಡಿಯವನು ಒಲೆಯ ಕಡೆ ಮುಖ ಮಾಡಿದ. ಅವರು ಚಹಾವನ್ನು ನೆಲಕ್ಕೆ ಚೆಲ್ಲಿ, ಕಪ್ಪನ್ನು ಮುಷ್ಟಿಯಲ್ಲಿ ಹಿಸುಕಿ ಅವನ ಗಲ್ಲಾಪೆಟ್ಟಿಗೆಯ ಮೇಲಿಟ್ಟರು. ಈಗ ಕೂಗುತ್ತಾರೆ ಎಂದು ನಾನು ತಲೆ ತಗ್ಗಿಸಿದೆ. ಅವರು ಕೂಗಲಿಲ್ಲ. ನನ್ನ ಕೈಯಲ್ಲಿದ್ದ ಲೋಟ ತೆಗೆದುಕೊಂಡು, ಎಂದಿನಂತೆ ಬೆಳಕಿಗೆ ಹಿಡಿದು ತಿರುಗಿಸಿದರು.

"ಭಾಳ ಸ್ವಚ್ಛ ಐತ್ರಿ ಲೋಟ" ಎಂದರು, ಅವನಿಗಲ್ಲ, ನನಗೆ.

ಲೋಟ ಬರಿದಾಗಿತ್ತು. ಅವರು ಕೇಳುತ್ತಿದ್ದಷ್ಟು ಹೊತ್ತೂ ನಾನು ಕುಡಿಯುತ್ತಲೇ ಇದ್ದೆ.