ಎರಡು ಕವಲಾದ ದನಿ

ಅವಳು ಮೊದಲ ಸಲ ನನ್ನನ್ನು ಹುಡುಕಿಕೊಂಡು ಬಂದದ್ದು ತಕರಾರು ಹೇಳಲಿಕ್ಕೆ. ಕಮಲಾಪುರದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಚಿಕ್ಕಂದಿನಲ್ಲೇ ಎರಡೂ ಕಣ್ಣು ಕಳೆದುಕೊಂಡವಳು. ನಾನು ಕಲಬುರಗಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದೆ. ಬಿಡುವಿನಲ್ಲಿ, ಕನ್ನಡ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಸಣ್ಣ ತಂತ್ರಾಂಶವೊಂದನ್ನು ಬರೆದು ಯಾರು ಬೇಕಾದರೂ ಬಳಸಿ ತಿದ್ದಿಕೊಳ್ಳುವಂತೆ ಅಂತರ್ಜಾಲದಲ್ಲಿ ತೆರೆದಿಟ್ಟಿದ್ದೆ. ಅದನ್ನು ಬಳಸಿ ನೋಡಿ ಬೇಸತ್ತು, ತಮ್ಮನ ಕೈ ಹಿಡಿದು ಬಸ್ಸಿನಲ್ಲಿ ಬಂದಿದ್ದಳು. ಕುಳಿತವಳೇ, ಸಾಲು ತಪ್ಪಿದರೆ ಹಿಂದಕ್ಕೆ ಹೋಗಲು ದಾರಿಯೇ ಇಲ್ಲ, ಅಂಕಿ ಬಂದರೆ ತೊದಲುತ್ತದೆ ಎಂದೆಲ್ಲ ಹೇಳಿ, ಕೊನೆಗೆ, "ಕಣ್ಣಿದ್ದವರು ಮಾಡ್ಯಾರ ಅಂತ ಕೇಳಿದ ಕೂಡಲೇ ಗೊತ್ತಾಗ್ತದ್ರಿ" ಅಂದಳು. ಹಾಗೆನ್ನುವಾಗ ನಗುತ್ತಿದ್ದಳು, ಅದಕ್ಕೇ ನನಗೆ ಸಿಟ್ಟು ಬರಲಿಲ್ಲ. ಸರಿ ಮಾಡಬೇಕಾದದ್ದನ್ನು ಮನೆಯಲ್ಲೇ ಸರಿ ಮಾಡಿಕೊಂಡು ಪೆನ್‌ಡ್ರೈವಿನಲ್ಲಿ ತಂದಿದ್ದಳು. ಪ್ರೋಗ್ರಾಮ್ ಬರೆಯುವುದನ್ನು ಕೇಳಿ ಕೇಳಿಯೇ ಕಲಿತಿದ್ದಳಂತೆ.

ಅಂದಿನಿಂದ ನಾವಿಬ್ಬರೂ ಕೂಡಿ ಕೆಲಸ ಮಾಡತೊಡಗಿದೆವು. ಭಾನುವಾರ ಅವಳು ಗಾಜಿಪುರ ಬಡಾವಣೆಯ ನಮ್ಮ ಮನೆಗೆ ಬರುತ್ತಿದ್ದಳು. ತಮ್ಮ ಅವಳನ್ನು ಬಾಗಿಲಲ್ಲಿ ಬಿಟ್ಟು ಪೇಟೆಗೆ ಹೋಗುತ್ತಿದ್ದ. ಮಹಡಿಯ ಕೋಣೆಯಲ್ಲಿ ಅವಳ ಲ್ಯಾಪ್‌ಟಾಪು ಯಾವುದೋ ಹಕ್ಕಿ ಒಂದೇ ಸಮನೆ ಚಿಲಿಪಿಲಿ ಅನ್ನುವಂತೆ ಉಲಿಯುತ್ತಿತ್ತು. ಪರದೆಯ ಬರಹವನ್ನು ಅವಳು ಕೇಳಿ ಓದುವ ವೇಗ ಅದು. ಒಂದಕ್ಷರವೂ ನನಗೆ ತಿಳಿಯುತ್ತಿರಲಿಲ್ಲ. ಬರಹವನ್ನು ಉಚ್ಚಾರದ ತುಣುಕುಗಳಾಗಿ ಒಡೆಯುವ ಭಾಗ ಪೂರ್ತಿ ಅವಳದು. ಆ ತುಣುಕುಗಳಿಂದ ದನಿ ಹೊರಡಿಸುವ ಭಾಗ ನನ್ನದು. ಮೊದಲು ನಾವು ಹೊರಡಿಸುತ್ತಿದ್ದದ್ದು ಲೆಕ್ಕಾಚಾರದಿಂದ ಹುಟ್ಟಿದ ದನಿ. ಮನುಷ್ಯರ ಗಂಟಲು ಅದರಲ್ಲಿ ಇರಲಿಲ್ಲ. ಬೀದರಿನಿಂದ ಒಬ್ಬರು, ದೂರದ ಊರುಗಳಿಂದ ಇನ್ನೂ ಕೆಲವರು ಸಣ್ಣಪುಟ್ಟ ತಿದ್ದುಪಡಿ ಕಳಿಸುತ್ತಿದ್ದರು. ಅಷ್ಟೇ ನಮ್ಮ ಬಳಗ.

ಅದೇ ಹೊತ್ತಿಗೆ ನಮ್ಮ ಮಾವನವರ, ನನ್ನ ಗಂಡನ ತಂದೆಯ, ಕಣ್ಣು ಮಂಜಾದವು. ಬೇಳೆ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು, ಪತ್ರಿಕೆಯನ್ನು ಮೊದಲ ಪುಟದಿಂದ ಟೆಂಡರ್ ಪ್ರಕಟಣೆಯ ತನಕ ಬಿಡದೆ ಓದುತ್ತಿದ್ದವರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ನಾನು ಅವರ ಫೋನಿಗೆ ನಮ್ಮ ತಂತ್ರಾಂಶ ಹಾಕಿಕೊಟ್ಟು ಹೆಮ್ಮೆಯಿಂದ ಎದುರಿಗೆ ನಿಂತೆ. ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಫೋನನ್ನು ಮಂಚದ ಮೇಲಿಟ್ಟು, "ಇದರಾಗ ಮನಿಷ್ಯಾನ ಇಲ್ಲವ್ವಾ" ಅಂದರು. ಮತ್ತೆ ಅದನ್ನು ಮುಟ್ಟಲಿಲ್ಲ.

ಆ ಮಾತು ನನ್ನನ್ನು ಬಿಡಲಿಲ್ಲ. ಮನುಷ್ಯರ ದನಿಯನ್ನೇ ಮುದ್ರಿಸಿ, ಕತ್ತರಿಸಿ, ಬೇಕಾದಂತೆ ಜೋಡಿಸಿ ಓದಿಸುವ ವಿಧಾನವಿದೆಯಲ್ಲ, ಅದನ್ನು ಮಾಡೋಣವೆಂದು ಅವಳಿಗೆ ಹೇಳಿದೆ. ಆಗಲಿ ಅಂದಳು. ಯಾರ ದನಿ ಎಂಬ ಪ್ರಶ್ನೆ ಬಂತು. ವಾರ ವಾರ ಬಂದು ಕೂರುವವರು ಯಾರು ಸಿಕ್ಕಾರು? ನನ್ನದೇ ದನಿ ಎಂದಾಯಿತು.

ಆ ಬೇಸಿಗೆ ಪೂರ್ತಿ ಭಾನುವಾರ ಭಾನುವಾರ ಮುದ್ರಿಸಿದೆವು. ಕಿಟಕಿಗಳಿಗೆ ಕಂಬಳಿ ಕಟ್ಟಿ, ಸದ್ದು ಬೀಳಬಾರದೆಂದು ಫ್ಯಾನು ಆರಿಸಿ, ಕಲಬುರಗಿಯ ಬಿಸಿಲಿಗೆ ಕಾದ ತಾರಸಿಯ ಕೆಳಗೆ ಕುಳಿತು ನಾನು ವಾಕ್ಯದ ಮೇಲೆ ವಾಕ್ಯ ಓದುತ್ತಿದ್ದೆ. ಅವಳು ಎದುರಿಗೆ ಹೆಡ್‌ಫೋನ್ ಹಾಕಿಕೊಂಡು ಕೂತು, ನಾನು ಉಸಿರೆಳೆದದ್ದು ಕೇಳಿಸಿದರೆ, ತಾರಸಿಯ ಮೇಲೆ ಪಾರಿವಾಳ ಗೊಣಗಿದರೆ, ಕೈ ಎತ್ತುತ್ತಿದ್ದಳು. ಮತ್ತೆ ಓದಬೇಕು. ಇಬ್ಬರ ಸೀರೆಯೂ ಬೆವರಿಗೆ ಮೈಗೆ ಅಂಟಿರುತ್ತಿತ್ತು. ಮುಗಿದ ಮೇಲೆ ಕೆಳಗಿಳಿದು, ಮಣ್ಣಿನ ಗಡಿಗೆಯ ನೀರು ಕುಡಿದು, ಪಡಸಾಲೆಯ ಕಲ್ಲುಹಾಸಿನ ಮೇಲೆ ಅಡ್ಡಾಗುತ್ತಿದ್ದೆವು. ನನ್ನ ಬದುಕಿನಲ್ಲಿ ಅಷ್ಟು ನೆಮ್ಮದಿಯ ದಣಿವು ಮತ್ತೆ ಸಿಗಲಿಲ್ಲ.

ಮಳೆಗಾಲದ ಹೊತ್ತಿಗೆ ದನಿ ಸಿದ್ಧವಾಯಿತು. ಮಾವ ಅದನ್ನು ಕೇಳಿ ಮೊದಲು ಅಡುಗೆಮನೆಯ ಕಡೆ ಮುಖ ತಿರುಗಿಸಿದರು, ನಾನೇ ಅಲ್ಲಿಂದ ಓದುತ್ತಿದ್ದೇನೆಂದು. ಅಂದಿನಿಂದ ಪತ್ರಿಕೆ ಮತ್ತೆ ಅವರದಾಯಿತು.

ಇಲ್ಲಿಂದಲೇ ನಮ್ಮಿಬ್ಬರ ದಾರಿ ಬೇರೆಯಾದದ್ದು. ಇನ್ನು ಮುಂದೆ ಈ ದನಿಯೇ ಮುಖ್ಯ, ಹಳೆಯದನ್ನು ತೆಗೆದು ಎಲ್ಲವನ್ನೂ ಇದರ ಸುತ್ತ ಹೊಸದಾಗಿ ಕಟ್ಟೋಣ ಎಂದು ನಾನು ಅಂದುಕೊಂಡಿದ್ದೆ. ಅವಳೋ ಇದು ಬೇಕಾದವರಿಗೆ ಇರಲಿ ಎಂದು ಮಾಡಿದ ಇನ್ನೊಂದು ದನಿ ಅಂದುಕೊಂಡಿದ್ದಳು. ಬೇಸಿಗೆಯುದ್ದಕ್ಕೂ ಎದುರುಬದುರು ಕೂತರೂ ಈ ಮಾತು ನಮ್ಮಲ್ಲಿ ಬಂದೇ ಇರಲಿಲ್ಲ. ಎರಡನ್ನೂ ಇಟ್ಟುಕೊಳ್ಳೋಣವೆಂದರೆ, ಎರಡೂ ಬೇರೆ ಬೇರೆ ಬುನಾದಿ ಬೇಡುತ್ತಿದ್ದವು. ಎರಡನ್ನೂ ಸಾಕುವಷ್ಟು ಕೈಗಳು ನಮ್ಮಲ್ಲಿ ಇರಲಿಲ್ಲ.

ಆ ಭಾನುವಾರ ಅವಳು ಹೊಸ ರೂಪವನ್ನು ಕಚೇರಿಯ ಕೆಲಸಕ್ಕೆ ಬಳಸಿ ನೋಡಿ ಬಂದಿದ್ದಳು. ಬಟನ್ ಒತ್ತಿದ ಮೇಲೆ ದನಿ ಹೊರಡುವುದು ಒಂದು ಚೂರು ತಡವಾಗುತ್ತದೆ, ವೇಗ ಏರಿಸಿದರೆ ಶಬ್ದಗಳು ಒಂದರೊಳಗೊಂದು ಕಲಸಿ ಹೋಗುತ್ತವೆ, ಹಳೆಯ ಫೋನುಗಳಲ್ಲಿ ಅದು ಹಿಡಿಸುವುದೇ ಇಲ್ಲ ಎಂದಳು. ಆ ತಡ ಅರ್ಧ ಕ್ಷಣವೂ ಇಲ್ಲವಲ್ಲ ಎಂದೆ.

"ನಿಮಗ ಅರ್ಧ ಕ್ಷಣರೀ ಅಕ್ಕಾರ. ನಾ ದಿನಾ ಪೂರಾ ಅದನ್ನ ಒತ್ಕೋತ ಕೂಡ್ತೀನಿ. ಬಾಜೂ ಟೇಬಲ್ಲಿನವರು ಫೈಲ್ ಮುಗಿಸಿ ಚಾ ಕುಡಿಯಾಕ ಎದ್ದಿರ್ತಾರ, ನಾ ಇನ್ನಾ ಕೇಳಾಕತ್ತಿರ್ತೀನಿ."

ಮಾವನಂಥವರು ಎಷ್ಟೋ ಜನ ಇದ್ದಾರೆ, ವಯಸ್ಸಾದ ಮೇಲೆ ಕಣ್ಣು ಹೋದವರು, ಅವರಿಗೆ ಆ ಯಂತ್ರದ ದನಿ ಕೇಳಲಾಗದು, ಮೊದಲ ದಿನವೇ ಬಿಟ್ಟುಬಿಡುತ್ತಾರೆ ಎಂದು ನಾನು ವಾದಿಸಿದೆ. ಅವಳು ಒಪ್ಪಿದಳು. ಒಪ್ಪಿಯೂ, ಮುಖ್ಯವಾಗಬೇಕಾದದ್ದು ಹಳೆಯದೇ ಎಂದಳು. ಓದುವ ಮಕ್ಕಳು, ಪರೀಕ್ಷೆ ಬರೆಯುವವರು, ನೌಕರಿ ಮಾಡುವವರು ಅದನ್ನೇ ನಂಬಿದ್ದಾರೆ. ಮಾತು ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿತ್ತು. ಕೊನೆಗೆ ನಾನು, ಹಾಗಾದರೆ ನನ್ನ ದನಿಯೇ ನಿನಗೆ ಬೇಡವಾಯಿತೇ ಎಂದು ಕೇಳಿದೆ.

ಅವಳು ಲ್ಯಾಪ್‌ಟಾಪು ಮುಚ್ಚಿದಳು. "ನಿಮ್ಮ ದನಿ ಕೇಳಾಕ ಚಂದ ಅದರೀ. ಆದ್ರ ನನಗ ಬೇಕಾಗಿದ್ದು ಓದಾಕ ಬರೋ ದನಿ" ಅಂದಳು.

ಮುಂದಿನ ಭಾನುವಾರ ಅವಳು ಬರಲಿಲ್ಲ. ಫೋನು ಬಂತು. "ನಾ ಬ್ಯಾರೆ ಆಗ್ತೀನ್ರಿ ಅಕ್ಕಾರ" ಅಂದಳು. ನಮ್ಮ ಕಡೆ ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಳ್ಳುವಾಗ ಆಡುವ ಮಾತು ಅದು. ತೆರೆದ ತಂತ್ರಾಂಶದ ಲೋಕದಲ್ಲಿ ಇದಕ್ಕೆ ಫೋರ್ಕ್ ಅನ್ನುತ್ತಾರೆ, ಕವಲು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಇದ್ದಂತೆಯೇ ನಕಲು ಮಾಡಿಕೊಂಡು, ಬೇರೆ ಹೆಸರಿಟ್ಟು, ತಮಗೆ ಸರಿ ಕಂಡ ಕಡೆಗೆ ಬೆಳೆಸಬಹುದು. ಯಾರ ಅಪ್ಪಣೆಯೂ ಬೇಕಿಲ್ಲ. ಇದನ್ನು ನಾನೇ ವಿದ್ಯಾರ್ಥಿಗಳಿಗೆ ಎಷ್ಟೋ ವರ್ಷ ಹೇಳಿದ್ದೇನೆ, ಸ್ವಾತಂತ್ರ್ಯವೆಂದರೆ ಇದೇ ಎಂದು ಮೇಜು ತಟ್ಟಿ ಹೇಳಿದ್ದೇನೆ. ಆ ದಿನ ಮಾತ್ರ "ಆಯಿತಮ್ಮಾ" ಎಂದು ಫೋನಿಟ್ಟು, ಒಣಗಿದ ಬಟ್ಟೆಗಳನ್ನು ಮಡಚುತ್ತ ಕೂತೆ.

ಜಗಳವೇನೂ ಆಗಲಿಲ್ಲ. ಅವಳ ಕವಲಿನಲ್ಲಿ ಮೂಲ ಬರೆದವಳೆಂದು ನನ್ನ ಹೆಸರು ಹಾಗೇ ಇತ್ತು. ಆದರೆ ಮೊದಲೇ ಸಣ್ಣದಿದ್ದ ಬಳಗ ಒಡೆಯಿತು. ಬೀದರಿನವರು ಅವಳ ಕಡೆ ಹೋದರು. ಉಳಿದವರಲ್ಲಿ ಕೆಲವರು ಯಾರ ಪಕ್ಷವೂ ಬೇಡವೆಂದು ದೂರ ಸರಿದರು. ಕನ್ನಡದಲ್ಲಿ ಇಂಥ ಕೆಲಸಕ್ಕೆ ಬರುವವರೇ ಬೆರಳೆಣಿಕೆಯ ಮಂದಿ. ಅವರನ್ನು ಎರಡು ಪಾಲು ಮಾಡಿದರೆ ಯಾವ ಪಾಲೂ ನಿಲ್ಲುವುದಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು.

ಕೆಲವು ವರ್ಷ ಎರಡೂ ನಡೆದವು. ಆಮೇಲೆ ಫೋನುಗಳ ಒಳಗಿನ ವ್ಯವಸ್ಥೆ ಬದಲಾಯಿತು. ಒಂದು ಬೆಳಿಗ್ಗೆ ಮಾವ ನನ್ನನ್ನು ಕರೆದು, ಫೋನು ಮಾತಾಡುತ್ತಿಲ್ಲವೆಂದರು. ನೋಡಿದರೆ ಮುರಿದಿದ್ದದ್ದು ಉಚ್ಚಾರ ಒಡೆಯುವ ಭಾಗ, ಅವಳು ಬರೆದದ್ದು. ನಾನು ಅವಳಿಗೆ ಬರೆದೆ. ಅಂದೇ ಸಂಜೆ ಅವಳು ತನ್ನ ಕವಲಿಗಾಗಿ ಸರಿ ಮಾಡಿಕೊಂಡಿದ್ದ ಭಾಗವನ್ನು ಪೂರ್ತಿ ಕಳಿಸಿಕೊಟ್ಟಳು. ಆದರೆ ಅಷ್ಟರಲ್ಲಿ ಅವಳದು ಎಲ್ಲಿಗೋ, ನನ್ನದು ಎಲ್ಲಿಗೋ ಬೆಳೆದಿದ್ದವು. ಅದನ್ನು ಇದಕ್ಕೆ ಕೂಡಿಸಲು ಕಾಲೇಜು ಮುಗಿಸಿ ಬಂದು ದಿನಾ ಹೆಣಗಿದೆ. ಒಂದು ಕಡೆ ಹೊಲಿದರೆ ಇನ್ನೊಂದು ಕಡೆ ಹರಿಯುತ್ತಿತ್ತು. ಅವಳೂ ಫೋನಿನಲ್ಲಿ ಜೊತೆಗೆ ಕೂತು ನೋಡಿದಳು, ಆಗಲಿಲ್ಲ.

ಮಾವ ದಿನಾ ಕೇಳುತ್ತಿದ್ದರು, ಆಯಿತೇನವ್ವಾ ಎಂದು. ಆಮೇಲೆ ಕೇಳುವುದನ್ನು ಬಿಟ್ಟರು. ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ ನಾನೇ ಗಡಿಬಿಡಿಯಲ್ಲಿ ಮುಖ್ಯ ಸುದ್ದಿ ಓದಿ ಹೇಳುತ್ತಿದ್ದೆ. ಟೆಂಡರ್ ಪ್ರಕಟಣೆಯ ತನಕ ಹೋಗಲು ಹೊತ್ತು ಸಾಲುತ್ತಿರಲಿಲ್ಲ. ಒಮ್ಮೆ, "ಆ ಫೋನಿನಾಕಿಗೆ ಅವಸರ ಇರಲಿಲ್ಲ" ಅಂದರು. ಚೇಷ್ಟೆಗೆ ಅಂದರೋ ಬೇಸರಕ್ಕೋ ತಿಳಿಯಲಿಲ್ಲ. ಮರುವರ್ಷದ ಬೇಸಿಗೆಯಲ್ಲಿ ಅವರು ತೀರಿಕೊಂಡರು.

ಅವಳು ಕಮಲಾಪುರದಿಂದ ತಮ್ಮನ ಜೊತೆ ಮಾತನಾಡಿಸಿಕೊಂಡು ಹೋಗಲು ಬಂದಳು. ಹೆಂಗಸರ ನಡುವೆ ನನ್ನ ಪಕ್ಕ ಕೂತಳು. ಇವಳು ಯಾರು ಎಂದು ನಮ್ಮ ನಾದಿನಿ ಕೇಳಿದಾಗ ಏನು ಹೇಳಬೇಕೆಂದು ತೋಚದೆ, ಜೊತೆಗೆ ಕೆಲಸ ಮಾಡುತ್ತಿದ್ದೆವು ಅಂದೆ. ತಂತ್ರಾಂಶದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೊರಡುವಾಗ ಮಹಡಿಯ ಮೆಟ್ಟಿಲ ಹತ್ತಿರ ಒಂದು ಕ್ಷಣ ನಿಂತು, ಕಂಬಿಯ ಮೇಲೆ ಕೈಯಿಟ್ಟಳು. ಹತ್ತಲಿಲ್ಲ.

ಆಮೇಲೆ ದೊಡ್ಡ ಕಂಪನಿಗಳ ಫೋನುಗಳಲ್ಲಿ ಕನ್ನಡ ದನಿ ತಾನಾಗಿಯೇ ಬರತೊಡಗಿತು. ವೇಗವೂ ಇತ್ತು, ಮನುಷ್ಯರ ದನಿಯಂತೆಯೂ ಇತ್ತು. ನಮ್ಮ ಎರಡೂ ಕವಲುಗಳನ್ನು ಬಳಸುತ್ತಿದ್ದವರು ಸದ್ದಿಲ್ಲದೆ ಅತ್ತ ನಡೆದರು. ನಾನು ನನ್ನದನ್ನು ನಿಲ್ಲಿಸಿದೆ. ಅವಳು ಇನ್ನಷ್ಟು ಕಾಲ ಎಳೆದಾಡಿ ನಿಲ್ಲಿಸಿದಳು.

ಈ ವರ್ಷ ಪರೀಕ್ಷೆಯ ಕೆಲಸಕ್ಕೆಂದು ಕಮಲಾಪುರಕ್ಕೆ ಹೋದಾಗ ಅವಳ ಮನೆಗೆ ಹೋದೆ. ಅವಳ ತಾಯಿ ಕೆಂಪು ಬಾಳೆಹಣ್ಣು ತಂದಿಟ್ಟರು. ಅವಳ ಫೋನು ಆ ಕಂಪನಿಯ ದನಿಯಲ್ಲಿ ಏನನ್ನೋ ಓದುತ್ತಿತ್ತು. ಹೇಗಿದೆ ಎಂದು ಕೇಳಿದೆ. ಚಲೋ ಇದೆ, ಆದರೆ ಕೆಲವು ಊರಿನ ಹೆಸರುಗಳನ್ನು ತಪ್ಪು ಓದುತ್ತದೆ, ಒಮ್ಮೊಮ್ಮೆ 'ಳ' ಇದ್ದಲ್ಲಿ 'ಲ' ಅನ್ನುತ್ತದೆ ಎಂದಳು.

"ಇದನ್ನ ಯಾರಿಗಿ ಹೇಳಬೇಕು ಗೊತ್ತಾಗವಲ್ದರೀ ಅಕ್ಕಾರ" ಅಂದಳು.

ನನಗೂ ಗೊತ್ತಿರಲಿಲ್ಲ. ಮತ್ತೆ ಕೂಡಿ ಏನಾದರೂ ಮಾಡೋಣವೇ ಎಂದು ಕೇಳಿದೆ, ಕೇಳಬೇಕೆನಿಸಿತು. ಯಾರ ಸಲುವಾಗಿ ಎಂದಳು. ಅದರಲ್ಲಿ ಕಹಿ ಇರಲಿಲ್ಲ; ನಿಜವಾಗಿಯೂ ಯಾರಿಗಾಗಿ ಎಂದು ತಿಳಿಯಬೇಕಿತ್ತು ಅವಳಿಗೆ. ನಾನು ಹೆಸರಿಸಬಹುದಾದವರು ಯಾರೂ ಉಳಿದಿರಲಿಲ್ಲ. ಅವಳಿಗೆ ವರ್ಗಾವಣೆಯಾಗುವ ಸುದ್ದಿಯಿತ್ತು, ಹೊಸ ಕಚೇರಿಯ ಮೆಟ್ಟಿಲು, ಬಸ್ಸು, ದಾರಿ ಎಲ್ಲವನ್ನೂ ಮತ್ತೆ ಕಲಿಯಬೇಕೆಂದು ಅವಳಿಗೆ ಚಿಂತೆಯಾಗಿತ್ತು. ಅದನ್ನೇ ಮಾತಾಡಿದೆವು. ಬಸ್ ನಿಲ್ದಾಣದ ತನಕ ಅವಳೇ ಬಂದಳು. ಕಲಬುರಗಿಯ ಬಸ್ಸು ತಡವಾಗಿತ್ತು, ಇಬ್ಬರೂ ನೆರಳಿನಲ್ಲಿ ನಿಂತಿದ್ದೆವು.