ಗೆರೆ ಡಾಕ್ಟರಮ್ಮ

ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಅವರು ಗೆರೆ ಡಾಕ್ಟರಮ್ಮ. ಕ್ಯಾನ್ಸರ್‌ಗೆ ವಿಕಿರಣ ಕೊಡುವ ಮೊದಲು ಸ್ಕ್ಯಾನಿನ ಒಂದೊಂದು ಚಿತ್ರದಲ್ಲೂ ಗಡ್ಡೆಯ ಸುತ್ತ ಗೆರೆ ಎಳೆಯಬೇಕು. ಯಂತ್ರ ಆ ಗೆರೆಯನ್ನೇ ನಂಬುತ್ತದೆ. ಗೆರೆ ತೀರ ಬಿಗಿಯಾದರೆ ರೋಗ ಉಳಿಯುತ್ತದೆ, ಸಡಿಲವಾದರೆ ಪಕ್ಕದ ಆರೋಗ್ಯವಂತ ಅಂಗ ಸುಡುತ್ತದೆ. ದೇಶ ದೇಶಗಳ ವೈದ್ಯರಿಗೆ ಇದನ್ನು ಕಲಿಸುವುದೇ ಅವರ ಕೆಲಸ. "ಮಕ್ಕಳು ಗೋಡೆ ಮೇಲೆ ಗೀಚಿದ್ರೆ ಬೈತೀಯ. ನಿಂಗೆ ಗೀಚೋದಕ್ಕೆ ಸಂಬಳ ಬೇರೆ," ಎಂದು ಅತ್ತೆ ಕಿಚಾಯಿಸುತ್ತಿದ್ದರು.

ಒಮ್ಮೆ ದೂರದ ದೇಶವೊಂದರ ಆಸ್ಪತ್ರೆಗೆ ಹೊಸ ಯಂತ್ರ ಬಂತು. ಕಲಿಸಲು ಡಾಕ್ಟರಮ್ಮ ಹೊರಟರು. ಅಲ್ಲಿದ್ದ ಒಬ್ಬನೇ ಕ್ಯಾನ್ಸರ್ ವೈದ್ಯ ಬಲು ಚುರುಕು. ಆದರೆ ಪ್ರತಿ ಗೆರೆಗೂ ಇವರ ಮುಖ ನೋಡುತ್ತಿದ್ದ.

ಮೊದಲ ರೋಗಿ ಒಬ್ಬ ಶಾಲಾ ಮೇಷ್ಟರು, ಗಂಟಲ ಗಡ್ಡೆ. ಹೆದರಿಕೆಗೆ ವೈದ್ಯ ಗೆರೆಯನ್ನು ಅಗಲ ಎಳೆದುಬಿಟ್ಟ. ಜೊಲ್ಲು ಸುರಿಸುವ ಗ್ರಂಥಿಯೂ ಒಳಗೆ ಬಂತು. ಹಾಗೇ ಬಿಟ್ಟರೆ ಮೇಷ್ಟರ ಬಾಯಿ ಒಣಗಿ ಪಾಠ ಹೇಳುವುದೇ ಕಷ್ಟ. ಡಾಕ್ಟರಮ್ಮ ತಿದ್ದಲಿಲ್ಲ. ಹೋಗಿ ಮೇಷ್ಟರ ಕುತ್ತಿಗೆಯನ್ನು ಕೈಯಿಂದ ಇನ್ನೊಮ್ಮೆ ಮುಟ್ಟಿ, ಗಡ್ಡೆ ಎಲ್ಲಿಗೆ ಮುಗಿಯುತ್ತದೆಂದು ನೋಡಿ ಬನ್ನಿ ಎಂದರು. ವೈದ್ಯ ಹೋಗಿ ಬಹಳ ಹೊತ್ತು ಕಳೆದು ಬಂದ. ಗೆರೆ ಅಳಿಸಿ ಹೊಸದಾಗಿ ಎಳೆದ.

ಡಾಕ್ಟರಮ್ಮ ಚಿತ್ರಗಳನ್ನು ಒಂದೂ ಬಿಡದೆ ಪರೀಕ್ಷಿಸಿದರು. ಗೆರೆ ಎಲ್ಲಿರಬೇಕೋ ಅಲ್ಲಿತ್ತು.

"ಮೇಡಂ, ಚಿಕಿತ್ಸೆ ಶುರು ಮಾಡೋದಕ್ಕೆ ಸಹಿ ನೀವೇ ಮಾಡಿಬಿಡಿ," ಎಂದ ವೈದ್ಯ.

"ನಾನು ಊರಿಗೆ ಹೋದ್ಮೇಲೆ ಯಾರ ಹತ್ರ ಮಾಡಿಸ್ತೀರಿ? ಗೆರೆ ಸರಿಯಾಗಿದೆ. ರೋಗಿ ನಿಮ್ಮವರು, ಸಹಿನೂ ನಿಮ್ದೇ ಇರ್ಲಿ."

ಆತ ಹಣೆ ಒರೆಸಿಕೊಂಡು ಸಹಿ ಹಾಕಿದ. ಯಂತ್ರ ಗುಂಯ್‌ಗುಟ್ಟಿದಾಗ ಡಾಕ್ಟರಮ್ಮನಿಗೂ ಒಮ್ಮೆ ಹೆದರಿಕೆಯಾಯಿತು. ಮುಖದಲ್ಲಿ ಮಾತ್ರ ತೋರಗೊಡಲಿಲ್ಲ. ಚಿಕಿತ್ಸೆ ಮುಗಿದು, ಸುಧಾರಿಸಿಕೊಂಡ ಮೇಷ್ಟರು ತರಗತಿಗೆ ಮರಳಿದರು. ದನಿ ಕೊಂಚ ಒರಟಾಗಿತ್ತು, ಅಷ್ಟೇ.

ಡಾಕ್ಟರಮ್ಮ ಊರಿಗೆ ಬಂದ ಮೇಲೆ ಆ ವೈದ್ಯ ಅಲ್ಲಿಂದ ಕೇಳಿ ಕಳಿಸುತ್ತಿದ್ದ ಪ್ರಶ್ನೆಗಳು ಬರಬರುತ್ತ ಕಡಿಮೆಯಾದವು, ಕೊನೆಗೆ ನಿಂತೇಹೋದವು. ಕೆಲವು ವರ್ಷಗಳ ನಂತರ ಬೇರೆ ಯಾರಿಂದಲೋ ಸುದ್ದಿ ತಿಳಿಯಿತು: ಆ ವೈದ್ಯ ಈಗ ನೆರೆದೇಶದವರಿಗೂ ತರಬೇತಿ ಕೊಡುತ್ತಿದ್ದಾನಂತೆ. ತನಗೊಂದು ಮಾತು ತಿಳಿಸಲಿಲ್ಲವಲ್ಲ ಎಂದು ಡಾಕ್ಟರಮ್ಮನಿಗೆ ಚುರುಕ್ಕೆಂದಿತು. ಅಂದು ಸಂಜೆ ಪಾತ್ರೆ ತೊಳೆಯುತ್ತಿದ್ದ ಗಂಡನಿಗೆ ಅದನ್ನೇ ಹೇಳಿಕೊಂಡರು.

"ನಿನ್ನ ಕೇಳ್ದೇನೇ ಮಾಡೋ ಹಾಗಾಗ್ಲಿ ಅಂತ ತಾನೇ ನೀನು ಹೋಗಿದ್ದು?" ಎಂದರು ಗಂಡ.

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಮರುವಾರವೇ ಅವರು ಇನ್ನೊಂದು ದೇಶದ ವಿಮಾನ ಹತ್ತಿದರು. ಅಲ್ಲಿ ಯಂತ್ರವನ್ನು ಪೆಟ್ಟಿಗೆಯಿಂದ ಇನ್ನೂ ಹೊರಗೇ ತೆಗೆದಿರಲಿಲ್ಲ.