ಅಳತೆಗೆ ನಿಂತ ದೀಪಾವಳಿ

ಆಗೆಲ್ಲ ದೀಪಾವಳಿ ನಮಗೆ ಮನೆಯಲ್ಲಿ ಶುರುವಾಗುತ್ತಿರಲಿಲ್ಲ, ಅಂಗಡಿಯಲ್ಲಿ ಶುರುವಾಗುತ್ತಿತ್ತು. ಚಿಕ್ಕೋಡಿಯ ಪೇಟೆಯಲ್ಲಿ ಅಪ್ಪನದೊಂದು ಸಣ್ಣ ಅಂಗಡಿ, ಮಕ್ಕಳ ಸಿದ್ಧ ಉಡುಪಿನದು. ಅಂಗಡಿಯ ಹಿಂದೆಯೇ ನಮ್ಮ ಮನೆ, ನಡುವೆ ಒಂದು ಪರದೆ. ಹಬ್ಬ ಇನ್ನೂ ದೂರ ಇರುವಾಗಲೇ ನಿಪ್ಪಾಣಿಯಿಂದ ಹೊಸ ಮಾಲಿನ ಗಂಟುಗಳು ಬಂದು ಬೀಳುತ್ತಿದ್ದವು. ಪರದೆಯ ಈಚೆ ಗಂಟು ಬಿಚ್ಚಿದ ಹೊಸ ಬಟ್ಟೆಯ ಗಂಜಿಯ ವಾಸನೆ, ಆಚೆ ಅವ್ವ ಚಕ್ಕಲಿ ಕರಿಯುವ ವಾಸನೆ. ಇವೆರಡೂ ಕೂಡಿದರೆ ನನ್ನ ಪಾಲಿಗೆ ಹಬ್ಬ ಬಂದಂತೆ. ಇವತ್ತಿಗೂ ಹೊಸ ಅಂಗಿಯ ಮಡಿಕೆ ಬಿಚ್ಚಿದರೆ ನನಗೆ ಹಸಿವಾಗುತ್ತದೆ.

ಆ ದಿನಗಳಲ್ಲಿ ಅಂಗಡಿಯಲ್ಲಿ ನನಗೊಂದು ಕೆಲಸವಿತ್ತು. ನಿಲ್ಲುವುದು. ಹಳ್ಳಿಯಿಂದ ಖರೀದಿಗೆ ಬಂದವರು ಮಕ್ಕಳನ್ನು ಕಟ್ಟಿಕೊಂಡು ಬರುತ್ತಿರಲಿಲ್ಲ. ಅಪ್ಪ "ಎಷ್ಟ ದೊಡ್ಡಾಕಿ ಅದಾಳ್ರಿ ನಿಮ್ಮ ಹುಡುಗಿ?" ಎಂದು ಕೇಳಿದರೆ ಅವರು ಅಂಗಡಿಯಲ್ಲೆಲ್ಲ ಕಣ್ಣಾಡಿಸಿ ನನ್ನ ಮೇಲೆ ನಿಲ್ಲಿಸುತ್ತಿದ್ದರು. "ಇಕಿಗಿಂತ ಒಂದ ಗೇಣ ಕಡಿಮಿ ನೋಡ್ರಿ." "ಇಕಿಗಿಂತ ದಪ್ಪ ಅದಾಳ್ರಿ, ಇಕಿ ಏನ ಉಣ್ಣೂದಿಲ್ಲೇನ?" ನಾನು ಕೈ ಅಗಲಿಸಿ ನಿಲ್ಲುತ್ತಿದ್ದೆ, ಅವರು ಅಂಗಿಯನ್ನು ನನ್ನ ಎದೆಗೆ ಹಿಡಿದು ನೋಡುತ್ತಿದ್ದರು. ಅಪ್ಪ ನನ್ನನ್ನು "ನಮ್ಮ ಅಂಗಡಿ ಟೇಪು" ಎಂದು ಕರೆಯುತ್ತಿದ್ದ. ನನಗೆ ಅದರ ಜಂಬವೇ ಜಂಬ. ಏಕಸಂಬಿಯ, ರಾಯಬಾಗದ ಎಷ್ಟು ಹುಡುಗಿಯರ ಹಬ್ಬದ ಅಂಗಿಗಳು ಮೊದಲು ನನ್ನ ಮೈ ನೋಡಿ ಹೋದವೋ!

ಹಬ್ಬದ ವಾರದಲ್ಲಿ ಗಿರಾಕಿಗಳನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ಇರಲಿಲ್ಲ. ಅವ್ವ ಕಾಗದದಲ್ಲಿ ಒಂದು ಹಿಡಿ ಚೂಡಾ, ಎರಡು ಶಂಕರಪಾಳಿ ಕಟ್ಟಿ ಕೊಡುತ್ತಿದ್ದಳು. ಅವರೂ ಗಂಟು ಬಿಚ್ಚಿ ಶೇಂಗಾ ಹೋಳಿಗೆ, ಎಳ್ಳುಂಡೆ ನಮ್ಮ ಕೈಗೆ ಹಾಕುತ್ತಿದ್ದರು. ಆದರೆ ನಾವು ಜೈನರು. ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕುವಂತಿರಲಿಲ್ಲ. ಇದರ ಪೊಲೀಸು ನಮ್ಮ ಆಯಿ, ಅಪ್ಪನ ತಾಯಿ. ಪರದೆಯ ಪಕ್ಕ ಮಣೆ ಹಾಕಿಕೊಂಡು ಕೂತರೆ ಅವಳಿಗೆ ಅಂಗಡಿಯೂ ಕಾಣುತ್ತಿತ್ತು, ಅಡುಗೆಮನೆಯೂ ಕಾಣುತ್ತಿತ್ತು.

ಗಿರಾಕಿಗಳಲ್ಲಿ ಒಬ್ಬಳು ಮಾತ್ರ ಬೇರೆ ಇದ್ದಳು. ಹೆಸರು ಗಂಗವ್ವ, ಊರು ದಿಗ್ಗೇವಾಡಿ. ಪ್ರತಿ ವರ್ಷ ನೀರು ತುಂಬುವ ಹಬ್ಬದ ಹಿಂದಿನ ಸಂಜೆ, ಎಲ್ಲರೂ ಬಸ್ಸು ಹಿಡಿಯಲು ಓಡುತ್ತಿರುವಾಗ, ಅವಳು ಬರುತ್ತಿದ್ದಳು. ಎತ್ತರದ, ಒಣಗಿದ ಹೆಂಗಸು. ಕೈಯಲ್ಲೊಂದು ಸ್ಟೀಲಿನ ಡಬ್ಬಿ, ಅದರ ತುಂಬ ಕರ್ಚಿಕಾಯಿ. ಚೌಕಾಸಿ ಇಲ್ಲ, ಬಣ್ಣದ ತಕರಾರಿಲ್ಲ. "ನಮ್ಮ ನೀಲವ್ವಗ ಒಂದ ಅಂಗಿ ತೋರಸ್ರಿ" ಅನ್ನುತ್ತಿದ್ದಳು. ಎಷ್ಟು ದೊಡ್ಡವಳು ಎಂದರೆ ಪ್ರತಿ ವರ್ಷವೂ ಒಂದೇ ಉತ್ತರ, "ಇಕಿಯಷ್ಟರಿ." ಒಂದು ಬೆರಳು ಹೆಚ್ಚಲ್ಲ, ಒಂದು ಬೆರಳು ಕಡಿಮೆಯಲ್ಲ.

ಬೇರೆಯವರು ಅಂಗಿಯನ್ನು ಹಿಡಿದು ನೋಡುತ್ತಿದ್ದರೆ, ಗಂಗವ್ವ ತೊಡಿಸಿ ನೋಡುತ್ತಿದ್ದಳು. ನನ್ನನ್ನು ಕನ್ನಡಿಯ ಕಡೆ ತಿರುಗಿಸಿ, ಬೆನ್ನಿನ ಗುಂಡಿಗಳನ್ನು ನಿಧಾನವಾಗಿ ಹಾಕುತ್ತಿದ್ದಳು. ಅವಳ ಬೆರಳು ಯಾವಾಗಲೂ ತಣ್ಣಗಿರುತ್ತಿದ್ದವು. ಆಮೇಲೆ "ಹಿಂದ ತಿರಗಬ್ಯಾಡವಾ, ಹಂಗ ಮುಂದ ನಡಿ" ಅನ್ನುತ್ತಿದ್ದಳು. ನಾನು ಕನ್ನಡಿಯವರೆಗೂ ನಡೆಯುತ್ತಿದ್ದೆ. ಕನ್ನಡಿಯೊಳಗೆ ಅವಳು ಕಾಣುತ್ತಿದ್ದಳು. ನನ್ನ ಬೆನ್ನನ್ನೇ ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದಳು. ಯಾರ ಜೊತೆ ಮಾತಾಡುತ್ತಿದ್ದಾಳೆಂದು ನನಗೆ ತಿಳಿಯುತ್ತಿರಲಿಲ್ಲ.

ಒಂದು ವರ್ಷ ನನ್ನ ಮುಂದಿನ ಹಲ್ಲು ಬಿದ್ದಿತ್ತು. ಗಂಗವ್ವ ನನ್ನ ಗದ್ದ ಎತ್ತಿ ನೋಡಿ, "ನಮ್ಮ ನೀಲವ್ವಂದೂ ಅದ ಹಲ್ಲ ಬಿದ್ದೈತಿ" ಅಂದಳು. ಇನ್ನೊಂದು ವರ್ಷ ಹೇನಿನ ಕಾಟಕ್ಕೆ ಅವ್ವ ನನ್ನ ಕೂದಲು ಗಿಡ್ಡ ಮಾಡಿಸಿದ್ದಳು. "ನಮ್ಮಾಕೀದೂ ಹಿಂಗ ಮಾಡ್ಸೇವಿ" ಅಂದಳು. ನಾನು ಕೇಳಿಯೇಬಿಟ್ಟೆ, "ಅಕಿನ ಒಮ್ಮಿ ಯಾಕ ಕರಕೊಂಡ ಬರೂದಿಲ್ಲ?"

"ಅಕಿಗಿ ಬಸ್ಸ ಆಗಿ ಬರೂದಿಲ್ಲವಾ."

ಅಲ್ಲಿಂದ ನನಗೆ ನೀಲವ್ವನ ಗುಂಗು ಹಿಡಿಯಿತು. ಅಂಗಡಿಯಲ್ಲಿ ಎದುರುಬದುರು ಎರಡು ಕನ್ನಡಿಗಳಿದ್ದವು. ನಡುವೆ ನಿಂತರೆ ನನ್ನಂಥ ಹುಡುಗಿಯರು ಸಾಲಾಗಿ ದೂರದವರೆಗೂ ಕಾಣುತ್ತಿದ್ದರು. ಅವರಲ್ಲಿ ಒಬ್ಬಳು ನೀಲವ್ವ ಇರಬಹುದೆಂದು ನಾನು ಮೆಲ್ಲಗೆ ಕೈ ಎತ್ತಿ, ಯಾರಾದರೂ ತಡವಾಗಿ ಎತ್ತುತ್ತಾಳೇನೋ ಎಂದು ಕಾಯುತ್ತಿದ್ದೆ. ಒಬ್ಬಳೇ ಆಡುವ ಆಟ ಅದು. ಹಗಲಿನಲ್ಲಿ ಮಜಾ ಅನ್ನಿಸುತ್ತಿತ್ತು. ಸಂಜೆಯಾದರೆ ಆ ಕನ್ನಡಿಗಳ ನಡುವೆ ಹಾಯಲು ನನಗೆ ಧೈರ್ಯ ಸಾಲುತ್ತಿರಲಿಲ್ಲ.

ನಾನು ಹೇಳಹೊರಟದ್ದು ನಾನು ಐದನೇ ಇಯತ್ತೆಯಲ್ಲಿದ್ದ ವರ್ಷದ ದೀಪಾವಳಿಯ ಮಾತು. ಆ ದಸರೆಗೆ ನನಗೆ ವಿಷಮಶೀತ ಜ್ವರ ಬಂದು, ಬದುಕಿದ್ದೇ ಹೆಚ್ಚಾಗಿತ್ತು. ಎದ್ದು ಓಡಾಡುವಷ್ಟರಲ್ಲಿ ಕೊರಳ ಎಲುಬು ಕಾಣುತ್ತಿದ್ದವು. ಆ ಸಲ ಅಪ್ಪ ನನ್ನನ್ನು ಅಳತೆಗೆ ಕರೆಯಲೇ ಇಲ್ಲ. ನಾನು ಪರದೆಯ ಹಿಂದೆ ಕೂತು, ಗಿರಾಕಿಗಳಿಗೆ ಕೊಡುವ ಚೂಡಾದೊಳಗಿನ ಶೇಂಗಾ ಆರಿಸಿ ತಿನ್ನುತ್ತಿದ್ದೆ.

ಗಂಗವ್ವ ಅದೇ ಸಂಜೆ, ಅದೇ ಹೊತ್ತಿಗೆ ಬಂದಳು. ನಾನು ಅವಳಿಗೆ ಕಾಣುತ್ತಿರಲಿಲ್ಲ. ಅಪ್ಪ ಹೋದ ವರ್ಷಕ್ಕಿಂತ ದೊಡ್ಡ ಅಳತೆಯ ಅಂಗಿ ತೆಗೆಯತೊಡಗಿದಾಗ ಅವಳು ತಡೆದಳು.

"ಅದ ಬ್ಯಾಡ್ರಿ. ಸಡ್ಲ ಆಕ್ಕೈತಿ. ಈ ಸಲ ನೀಲವ್ವ ಭಾಳ ಸೊರಗ್ಯಾಳ."

ನನ್ನ ಬಾಯಿಯಲ್ಲಿದ್ದ ಶೇಂಗಾ ಅಲ್ಲೇ ನಿಂತಿತು. ನನ್ನ ಜ್ವರದ ಸುದ್ದಿ ದಿಗ್ಗೇವಾಡಿಗೆ ಯಾರು ಮುಟ್ಟಿಸಿದ್ದರು? ಇವತ್ತಿಗೂ ನನಗೆ ಗೊತ್ತಿಲ್ಲ. ಅವ್ವ ತಾನು ಹೇಳಿಲ್ಲ ಅನ್ನುತ್ತಾಳೆ, ಅಪ್ಪನೂ ಹೇಳಿಲ್ಲ ಅನ್ನುತ್ತಾನೆ. ಅಪ್ಪನೂ ಆಗ ಗಲಿಬಿಲಿಗೊಂಡಿರಬೇಕು, ಏಕೆಂದರೆ ಯಾವತ್ತೂ ಪೂರ್ತಿ ಹೆಸರು ಹಿಡಿದು ಕರೆಯದವನು "ಪದ್ಮಾ, ಬಾ ಇಲ್ಲಿ" ಎಂದು ಕರೆದ.

ನಾನು ಹೋಗಿ ನಿಂತೆ. ನೀಲಿ ಅಂಗಿ, ಬಿಳಿ ಕಾಲರು. ಗಂಗವ್ವ ತೊಡಿಸಿ ಹಿಂದಿನಿಂದ ಗುಂಡಿ ಹಾಕುತ್ತಿದ್ದಳು. ಆಗ ಅಂಗಡಿಯಲ್ಲಿ ಇನ್ನೊಬ್ಬ ಹೆಂಗಸಿದ್ದಳು. ಮಗನಿಗೆ ಚಡ್ಡಿ ಆರಿಸುತ್ತಿದ್ದವಳು, ಅವಳೂ ದಿಗ್ಗೇವಾಡಿಯವಳೇ. ಆಯಿಯ ಕಿವಿಗೆ ಬಾಗಿ ಪಿಸುಗುಟ್ಟಿದಳು. ಆಯಿಗೆ ಕಿವಿ ಮಂದ. ಹಾಗಾಗಿ ಆ ಪಿಸುಮಾತು ಇಡೀ ಅಂಗಡಿಗೆ ಕೇಳಿತು.

"ಅಕಿಗೆಲ್ಲಿ ಮಗಳ್ರಿ? ಹಡದ ದವಾಖಾನ್ಯಾಗ ಕೂಸ ಹೋತು. ಮನ್ಯಾಗ ಗಂಡ ಹೆಂಡ್ತಿ ಇಬ್ಬರ ಅದಾರ."

ನನ್ನ ಬೆನ್ನ ಮೇಲಿನ ಬೆರಳುಗಳು ನಿಂತವು. ಆಯಿ ಮಣೆಯಿಂದ ಎದ್ದಳು.

"ಹೌದೇನ?"

"ಹೌದ್ರಿ" ಅಂದಳು ಗಂಗವ್ವ.

ಆಯಿ ಅಷ್ಟು ಬೇಗ ನಡೆದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ನನ್ನನ್ನು ಎಳೆದುಕೊಂಡು ಅಂಗಿಯನ್ನು ಬಿಚ್ಚಿದ ರಭಸಕ್ಕೆ ಒಂದು ಗುಂಡಿ ಕಿತ್ತು ಎಲ್ಲೋ ಉರುಳಿತು. "ಸತ್ತ ಕೂಸಿನ ಅಂಗಿ ನನ್ನ ಮೊಮ್ಮಗಳ ಮೈಮ್ಯಾಲ! ಅದಕ್ಕ ಇದು ಹಿಂಗ ಸೊರಗೇತಿ. ನಡಿ ಹೊರಗ, ನಡಿ!" ನನ್ನ ತಲೆಗೆ ಎರಡೂ ಕೈ ಸುತ್ತಿಸಿ ನೆಟಿಕೆ ಮುರಿದಳು. ಇಷ್ಟು ವರ್ಷ ನಾನು ಯಾರ ಅಂಗಿ ತೊಟ್ಟು ಕನ್ನಡಿಯ ಕಡೆ ನಡೆದಿದ್ದೆ, ಯಾರಿಗೆ ಕೈ ಎತ್ತಿದ್ದೆ ಎಂದು ನೆನೆದು ಕನ್ನಡಿಯಿಂದ ಮುಖ ತಿರುಗಿಸಿದೆ.

ಗಂಗವ್ವ ಡಬ್ಬಿ ಹಿಡಿದು ಅಂಗಡಿಯ ಮೆಟ್ಟಿಲಿಗೆ ಇಳಿದಳು. ಹೋಗಲಿಲ್ಲ, ಅಲ್ಲೇ ನಿಂತಳು.

"ಅಂಗಿ ಬ್ಯಾಡ್ರಿ ಆಯಿ. ಕೂಸಿನ ಒಮ್ಮಿ ನಿಲ್ಲಸ್ರಿ, ಸಾಕ. ಈ ವರ್ಷ ಎಷ್ಟ ಬೆಳದಾಳ ನೋಡಿ ಹೋಗತೇನಿ. ಇಲ್ಲಂದ್ರ ನಮ್ಮಾಕಿ ಹ್ವಾದ ವರ್ಷಿನಷ್ಟ ಉಳೀತಾಳ್ರಿ."

ಯಾರ ಜೊತೆ ಬೇಕಾದರೂ ಮಾತಾಡಿ ಗೆಲ್ಲುವ ಅಪ್ಪ, ಆ ನೀಲಿ ಅಂಗಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದ. ದಿಗ್ಗೇವಾಡಿಯ ಆ ಇನ್ನೊಬ್ಬ ಹೆಂಗಸು ಚಡ್ಡಿ ಬಿಟ್ಟು ಮೆಲ್ಲಗೆ ಜಾರಿಕೊಂಡಳು. ಬೆಂಕಿ ಹಚ್ಚಿ ಹೋಗುವವರು ಯಾವಾಗಲೂ ಹಾಗೇ.

ಗದ್ದಲ ಕೇಳಿ ಅವ್ವ ಬಂದಳು, ಕೈಯೆಲ್ಲ ಕಡಲೆಹಿಟ್ಟು. ಮೆಟ್ಟಿಲ ಮೇಲೆ ನಿಂತ ಗಂಗವ್ವನನ್ನು ನೋಡಿದಳು, ನನ್ನನ್ನು ನೋಡಿದಳು. ಅತ್ತೆಯ ಎದುರು ಎಂದೂ ದನಿ ಎತ್ತದವಳು ಅವತ್ತೂ ಎತ್ತಲಿಲ್ಲ, ಅವಳ ಕಿವಿಗೆ ಬಾಗಿ ಸಣ್ಣಗೆ ಹೇಳಿದಳು.

"ಪದ್ದಿ ಹುಟ್ಟಿದಾಗ ನೀವು ಯಾತ್ರಾಕ ಹೋಗಿದ್ರಿ. ನನಗ ಜ್ವರ ಏರಿ ಹಾಲ ಬತ್ತಿತ್ತು. ಬಾಜೂ ಕಾಟ್ ಮ್ಯಾಲ ಇಕಿ ಇದ್ಲು. ಇಕಿ ಕೂಸ ಮುಂಜಾನೆ ಹೋತು. ಸಂಜಿಗೆ ಪದ್ದಿ ಹಸದು ಒದರಾಕತ್ತಿದ್ಲು. ನಾ ಕರೀಲಿಲ್ಲರಿ, ಇಕಿನ ಎದ್ದ ಬಂದು ಎತಕೊಂಡ್ಲು. ದವಾಖಾನಿ ಬಿಡೂತನಾ ಇಕಿನ ಕುಡಿಸ್ಯಾಳ. ನೀಲವ್ವನ ಪಾಲಿನ ಹಾಲ ಕುಡದ ಉಳದೈತ್ರಿ ನಿಮ್ಮ ಮೊಮ್ಮಗಳು."

ಹೊರಗೆ ಯಾರೋ ಹಬ್ಬಕ್ಕೆ ಮೊದಲೇ ಪಟಾಕಿ ಹಚ್ಚಿದ್ದರು. ಆಯಿ ನನ್ನ ತೋಳನ್ನು ಹಿಡಿದೇ ಇದ್ದಳು, ಆದರೆ ಹಿಡಿತ ಸಡಿಲಾಗಿತ್ತು.

ಅವ್ವ ಅಪ್ಪನ ಕೈಯಿಂದ ಅಂಗಿ ತೆಗೆದುಕೊಂಡು ನನಗೆ ಹೇಳಿದಳು, "ಅಂಜಿಕಿ ಬಂದ್ರ ಬ್ಯಾಡ, ಪದ್ದಿ."

ಅಂಜಿಕೆ ಬಂದಿತ್ತು. ಅಷ್ಟು ಅಂಜಿಕೆ ನನಗೆ ಆಮೇಲೆ ಯಾವತ್ತೂ ಬಂದಿಲ್ಲ, ನನ್ನ ಹೆರಿಗೆಯ ಹೊತ್ತಿಗೂ ಬರಲಿಲ್ಲ. ಆದರೆ ಮೆಟ್ಟಿಲ ಮೇಲೆ ನಿಂತವಳ ಮುಖ ನೋಡಿದೆ. ಅವಳು ಈ ಸಲ ನನ್ನ ಬೆನ್ನನ್ನಲ್ಲ, ಮುಖವನ್ನೇ ನೋಡುತ್ತಿದ್ದಳು. ನಾನು ಅಂಗಿಯೊಳಗೆ ತಲೆ ತೂರಿಸಿ, ಕನ್ನಡಿಯ ಕಡೆ ತಿರುಗಿ, ಅವಳಿಗೆ ಬೆನ್ನು ಕೊಟ್ಟು ನಿಂತೆ.

ಗಂಗವ್ವ ಒಳಗೆ ಬಂದು ಗುಂಡಿ ಹಾಕಿದಳು. ಕಿತ್ತುಹೋದ ಗುಂಡಿಯ ಜಾಗವನ್ನು ಎರಡು ಬೆರಳಿನಿಂದ ಹಿಡಿದುಕೊಂಡಳು, ಆಮೇಲೆ ಬಿಟ್ಟಳು. "ನಡಿ" ಅಂದಳು. ನಾನು ಕಣ್ಣು ಮುಚ್ಚಿ ನಡೆದೆ. ನನ್ನ ಹೆಜ್ಜೆಯ ಜೊತೆ ಇನ್ನೊಂದು ಹೆಜ್ಜೆ ಬರಿಗಾಲಲ್ಲಿ ನೆಲ ಮುಟ್ಟಿದ್ದು ನನಗೆ ಕೇಳಿತು. ಅಪ್ಪ ಅದನ್ನು ಈಗಲೂ ಒಪ್ಪುವುದಿಲ್ಲ, ಪಟಾಕಿಯ ಸದ್ದು ಅನ್ನುತ್ತಾನೆ. ಪಟಾಕಿಗೂ ಹೆಜ್ಜೆಗೂ ವ್ಯತ್ಯಾಸ ತಿಳಿಯದಷ್ಟು ದಡ್ಡಿ ನಾನಾಗಿರಲಿಲ್ಲ.

ಗಂಗವ್ವ ನನ್ನ ಹೆಗಲಿನಿಂದ ಮಂಡಿಯವರೆಗೆ ಗೇಣು ಹಾಕಿದಳು. "ಸೊರಗಿದ್ರೂ ಬೆಳದಾಳ" ಅಂದಳು. ಅದನ್ನು ನಮಗಾರಿಗೂ ಅಲ್ಲ, ತನಗೆ ತಾನೇ ಹೇಳಿಕೊಂಡಳು. ಅವಳ ದನಿಯಲ್ಲಿ ಎಷ್ಟು ಸಂತೋಷವಿತ್ತೆಂದರೆ ನನಗೆ ಅಳು ಬಂತು.

ಆಮೇಲೆ ಅವಳು ಡಬ್ಬಿ ತೆರೆದು ಹಿಡಿದಳು. ಏಲಕ್ಕಿ, ಒಣಕೊಬ್ಬರಿ, ಗಸಗಸೆಯ ವಾಸನೆ. ಯಾರೂ ಕೈ ಚಾಚಲಿಲ್ಲ. ಆಯಿ ಬಾಗಿಲಾಚೆ ಆಕಾಶ ನೋಡಿದಳು. ಕತ್ತಲಾಗಿತ್ತು. ಒಂದು ಕರ್ಚಿಕಾಯಿ ಎತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಹೊತ್ತ ಮುಣಗೇತಿ. ನಂದ ನಾಳಿ ಮುಂಜಾನೆಗೆ" ಅಂದಳು. ಅವ್ವನ ಕಡೆ ತಿರುಗಿ, "ನೋಡಕೋತ ಏನ ನಿಂತಿ? ಇಕಿಗಿ ಚಕ್ಕಲಿ ಕಟ್ಟಿ ಕೊಡು. ಇಕಿ ಹುಡುಗೀ ಪಾಲೂ ಹಿಡದ ಕಟ್ಟು" ಎಂದು ಗದರಿದಳು.

ಮರುದಿನ ಸೂರ್ಯ ಏರಿದ ಮೇಲೆ ಆಯಿ ಗಂಟು ಬಿಚ್ಚಿ, ಆ ಕರ್ಚಿಕಾಯಿಯನ್ನು ಕೂತು ಪೂರ್ತಿ ತಿಂದಳು. ಹೇಗಿದೆ ಎಂದು ನಾನು ಕೇಳಿದರೆ, "ಸುಮ್ಮ ಕೂಡ್ರು" ಅಂದಳು.

ಆ ವರ್ಷದಿಂದ ನನಗೆ ಉಣ್ಣುವುದೆಂದರೆ ಬೇರೆಯೇ ಆಯಿತು. "ನೀ ಬೆಳದ್ರ ಅಕಿ ಬೆಳೀತಾಳ" ಎಂದು ಅವ್ವ ಹೇಳಿದ್ದಳು. ಎರಡನೇ ರೊಟ್ಟಿ ಬೇಡವೆನ್ನುವಾಗಲೆಲ್ಲ ಹಿಂದೆ ಯಾರೋ ತಟ್ಟೆ ಹಿಡಿದು ನಿಂತಂತೆ ಅನ್ನಿಸುತ್ತಿತ್ತು. ತಿರುಗಿ ನೋಡದೆ ಹಾಕಿಸಿಕೊಳ್ಳುತ್ತಿದ್ದೆ. ಗಂಗವ್ವ ಪ್ರತಿ ವರ್ಷ ಬಂದಳು. ನಾನು ಎತ್ತರವಾಗುವುದು ನಿಂತ ವರ್ಷವೂ ಬಂದಳು. ಹೆಗಲಿಗೆ ಗೇಣು ಹಾಕಿ, ಹೋದ ವರ್ಷದಷ್ಟೇ ಇರುವುದನ್ನು ಕಂಡು, "ಇಬ್ಬರೂ ದೊಡ್ಡಾಕ್ಯಾರಾದ್ರಿ" ಅಂದಳು. ಡಬ್ಬಿ ಕೊಟ್ಟು, ಅಂಗಿ ಕೊಳ್ಳದೆ ಹೋದಳು. ಆಮೇಲೆ ಬರಲಿಲ್ಲ.

ಅವಳು ತೀರಿಕೊಂಡ ಸುದ್ದಿ ಬಂದಾಗ ನನಗೆ ಮದುವೆಯಾಗಿ ಮಗಳಿದ್ದಳು. ಅವ್ವನ ಜೊತೆ ದಿಗ್ಗೇವಾಡಿಗೆ ಹೋದೆ. ಗಂಗವ್ವನ ಗಂಡ ರಾಯಪ್ಪ ಪೆಟ್ಟಿಗೆ ತೆಗೆದು ತೋರಿಸಿದ. ನಮ್ಮ ಅಂಗಡಿಯ ಅಂಗಿಗಳು. ಯಾರೂ ತೊಡದ ಆ ಅಂಗಿಗಳ ಬಣ್ಣವೆಲ್ಲ ಹೋಗಿತ್ತು, ಕಾಲರುಗಳು ಸವೆದು ನೂಲು ಎದ್ದಿದ್ದವು. ಯಾರು ತೊಟ್ಟಿದ್ದರು ಇವನ್ನು?

"ವಾರಕ್ಕೊಮ್ಮಿ ಒಗದ ಒಣಾ ಹಾಕತಿದ್ಲರಿ" ಅಂದ ರಾಯಪ್ಪ. "ಹೆಣ್ಣ ಹುಡುಗಿ ಇದ್ದ ಮನಿ ಅಂದಮ್ಯಾಲ ಹಗ್ಗದ ಮ್ಯಾಲ ಅಂಗಿ ಇರಬೇಕ ಅಂತಿದ್ಲು."

ಅಂಗಳದಲ್ಲಿ ಹಗ್ಗ ಖಾಲಿ ಇತ್ತು.

ಈಗ ನನ್ನ ಮಗಳ ಹಬ್ಬದ ಅಂಗಿ ಫೋನಿನಲ್ಲಿ ಆರಿಸಿದರೆ ಬಾಗಿಲಿಗೆ ಬರುತ್ತದೆ. ಅಳತೆ ಚೀಟಿಯಲ್ಲೇ ಇರುತ್ತದೆ, ಸರಿಹೋಗದಿದ್ದರೆ ವಾಪಸು ಒಯ್ಯುತ್ತಾರೆ. ತಂದುಕೊಡುವ ಹುಡುಗನಿಗೆ ಚಕ್ಕಲಿ ಕೊಡಹೋದರೆ ಅವನಿಗೆ ನಿಲ್ಲಲು ಪುರಸೊತ್ತಿಲ್ಲ. ಅಪ್ಪನ ಅಂಗಡಿಯಲ್ಲಿ ಈಗ ಬೇರೆ ಯಾರೋ ಮೊಬೈಲ್ ಕವರು ಮಾರುತ್ತಾರೆ. ಆಯಿ ಇಲ್ಲ. ಇನ್ನೊಬ್ಬರ ಮಗುವಿಗಾಗಿ ಮೈ ಕೊಟ್ಟು ನಿಲ್ಲುವ ಮಕ್ಕಳೂ ಇಲ್ಲ. ಇದಕ್ಕೆಲ್ಲ ನಾನು ಹೇಗೋ ಹೊಂದಿಕೊಂಡಿದ್ದೇನೆ. ಗಂಗವ್ವ ಹೋದದ್ದಕ್ಕೆ ಮಾತ್ರ ಹೊಂದಿಕೊಳ್ಳಲು ಆಗಿಲ್ಲ. ಏಕೆಂದರೆ ನೀಲವ್ವ ಎಷ್ಟು ಎತ್ತರವಾದಳು ಎಂದು ತಿಳಿಯಬೇಕಾದರೆ, ಈಗ ನಾನೇ ಹೋಗಿ ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು.